ಕತ್ತಲ ಕಂತುಗಳು: ಟಿವಿ ವಿಜ್ಞಾನ ಕಥೆ ಕರಾಳವಾದ ಬಗೆ

ಟಿವಿಯ ವಿಜ್ಞಾನ ಕಥಾ ಧಾರಾವಾಹಿಗಳಲ್ಲಿ ಅಭಿಮಾನಿಗಳು ದಶಕಗಳ ನಂತರವೂ ಮತ್ತೆ ಹುಡುಕಿ ನೋಡುವ ಕಂತುಗಳು ಹೆಚ್ಚಾಗಿ ಗೆಲುವಿನವಲ್ಲ. ಅವು ಸೋಲಿನವು, ಸಾವಿನವು, ನಾಯಕ ಮಾಡಬಾರದ್ದನ್ನು ಮಾಡಿದವು. ಈ ಕರಾಳ ಕಂತುಗಳಿಗೆ ತಮ್ಮದೇ ಆದ ಚರಿತ್ರೆಯಿದೆ. ಮೊದಮೊದಲು ಕೇಡು ಹೊರಗಿನಿಂದ ಬಂದು ಮನುಷ್ಯನ ಮೇಲೆರಗುತ್ತಿತ್ತು. ಆಮೇಲೆ ನಾಯಕನ ಕೈಯಿಂದಲೇ ನಡೆಯತೊಡಗಿತು. ಕೊನೆಗೆ ಅದರ ಲೆಕ್ಕ ಒಂದು ಕಂತಿನಿಂದ ಮುಂದಿನದಕ್ಕೆ ದಾಟತೊಡಗಿತು. ಈ ಬದಲಾವಣೆಗೆ ಬರಹಗಾರರ ಧೈರ್ಯ ಎಷ್ಟು ಕಾರಣವೋ, ಧಾರಾವಾಹಿಗಳನ್ನು ಮಾರುವ ಮತ್ತು ಮರುಪ್ರಸಾರ ಮಾಡುವ ವ್ಯವಹಾರವೂ ಅಷ್ಟೇ ಕಾರಣ.

ಟಿವಿಗೆ ಇಂಥ ಕತ್ತಲೆ ಮೊದಲು ದೊಡ್ಡ ಪ್ರಮಾಣದಲ್ಲಿ ಬಂದದ್ದು ಧಾರಾವಾಹಿಯಾಗಿ ಅಲ್ಲ, ಒಂದೇ ರಾತ್ರಿಯ ನಾಟಕವಾಗಿ. 1954ರ ಡಿಸೆಂಬರ್ 12ರ ಭಾನುವಾರ ಬಿಬಿಸಿ ಜಾರ್ಜ್ ಆರ್ವೆಲ್‌ರ ‘ನೈಂಟೀನ್ ಎಯ್ಟಿ-ಫೋರ್’ ಕಾದಂಬರಿಯ ರೂಪಾಂತರವನ್ನು ಸ್ಟುಡಿಯೋದಿಂದ ನೇರ ಪ್ರಸಾರ ಮಾಡಿತು. ಬರೆದವರು ನೈಜೆಲ್ ನೀಲ್, ನಿರ್ದೇಶಿಸಿದವರು ರುಡಾಲ್ಫ್ ಕಾರ್ಟಿಯರ್, ವಿನ್‌ಸ್ಟನ್ ಸ್ಮಿತ್ ಪಾತ್ರದಲ್ಲಿ ಪೀಟರ್ ಕುಶಿಂಗ್. ಇಲಿಗಳನ್ನು ಛೂಬಿಡುವ ಚಿತ್ರಹಿಂಸೆ ಮನೆಯ ನಡುಮನೆಗೇ ಬಂದಿತೆಂದು ದೂರುಗಳ ಸುರಿಮಳೆಯಾಯಿತು. ಮಾತು ಬ್ರಿಟಿಷ್ ಸಂಸತ್ತಿನವರೆಗೂ ಹೋಯಿತು. ಬಿಬಿಸಿ ಮಾತ್ರ ಜಗ್ಗಲಿಲ್ಲ. ಅದೇ ವಾರದ ಗುರುವಾರ ನಟರು ಮತ್ತೆ ಸ್ಟುಡಿಯೋಗೆ ಬಂದು ಇಡೀ ನಾಟಕವನ್ನು ಎರಡನೆಯ ಸಲ ಆಡಿದರು. ಇಂದು ಉಳಿದುಬಂದಿರುವುದು ಆ ಎರಡನೆಯ ಪ್ರದರ್ಶನದ ಮುದ್ರಣವೇ.

ಅಮೆರಿಕದಲ್ಲಿ ಕಥೆ ಬೇರೆ. ಅಲ್ಲಿ ಟಿವಿಯ ಖರ್ಚು ಹೊರುತ್ತಿದ್ದವರು ಪ್ರಾಯೋಜಕರು. ಯಾವುದನ್ನು ಹೇಳಬಹುದು, ಯಾವುದನ್ನು ಹೇಳಕೂಡದು ಎಂಬುದರಲ್ಲಿ ಅವರ ಮಾತೇ ನಡೆಯುತ್ತಿತ್ತು. ಮಿಸಿಸಿಪ್ಪಿಯಲ್ಲಿ 1955ರಲ್ಲಿ ನಡೆದ ಕಪ್ಪು ಬಾಲಕ ಎಮೆಟ್ ಟಿಲ್‌ನ ಕೊಲೆಯಿಂದ ಪ್ರೇರಿತರಾಗಿ ರಾಡ್ ಸರ್ಲಿಂಗ್ ಬರೆದ ನಾಟಕ 1956ರಲ್ಲಿ ಪ್ರಸಾರವಾಗುವ ಹೊತ್ತಿಗೆ ಗುರುತೇ ಸಿಗದಂತಾಗಿತ್ತು: ಕಥೆ ನಡೆಯುವ ಊರು ದಕ್ಷಿಣದಿಂದ ನ್ಯೂ ಇಂಗ್ಲೆಂಡಿಗೆ ಸರಿದಿತ್ತು, ಕೊಲೆಯಾದವನು ಯಾರೋ ಒಬ್ಬ ಪರದೇಶಿಯಾಗಿದ್ದ. ಈ ಪೆಟ್ಟಿನಿಂದ ಸರ್ಲಿಂಗ್ ಕಲಿತ ಪಾಠವೇ ‘ದಿ ಟ್ವೈಲೈಟ್ ಝೋನ್’. ಮನುಷ್ಯರ ಬಾಯಲ್ಲಿ ಆಡಿಸಲಾಗದ ಮಾತನ್ನು ಮಂಗಳಗ್ರಹದವರ ಬಾಯಲ್ಲಿ ಆಡಿಸಿದರೆ ಯಾರೂ ತಡೆಯುವುದಿಲ್ಲ ಎಂಬುದನ್ನು ಅವರು ಕಂಡುಕೊಂಡಿದ್ದರು.

ಸಿಬಿಎಸ್‌ನಲ್ಲಿ 1959ರ ಅಕ್ಟೋಬರ್‌ನಿಂದ 1964ರವರೆಗೆ ಬಂದ 156 ಕಂತುಗಳಲ್ಲಿ 92ನ್ನು ಸರ್ಲಿಂಗ್ ತಾವೇ ಬರೆದರು. ಪ್ರತಿ ವಾರ ಹೊಸ ಕಥೆ, ಹೊಸ ಪಾತ್ರಗಳು. ಮುಂದಿನ ವಾರಕ್ಕೆ ಯಾರನ್ನೂ ಉಳಿಸಿಕೊಳ್ಳಬೇಕಾದ ಹಂಗಿಲ್ಲದ್ದರಿಂದ ಯಾರಿಗೆ ಏನು ಬೇಕಾದರೂ ಆಗಬಹುದಿತ್ತು. ‘ಟೈಮ್ ಇನಫ್ ಅಟ್ ಲಾಸ್ಟ್’ ಕಂತಿನ ಬ್ಯಾಂಕ್ ಗುಮಾಸ್ತ ಹೆನ್ರಿ ಬೆಮಿಸ್ ಅಣುಬಾಂಬ್ ಬಿದ್ದ ಹೊತ್ತಿನಲ್ಲಿ ತಿಜೋರಿ ಕೋಣೆಯಲ್ಲಿ ಕೂತು ಓದುತ್ತಿದ್ದುದರಿಂದ ಬದುಕುಳಿಯುತ್ತಾನೆ. ಜನರೆಲ್ಲ ಸತ್ತ ಊರಿನಲ್ಲಿ ಇಡೀ ಗ್ರಂಥಾಲಯ ಅವನದಾಗುತ್ತದೆ, ಆಗ ಕನ್ನಡಕ ಬಿದ್ದು ಒಡೆಯುತ್ತದೆ. ಜನಪ್ರಿಯತೆಯಲ್ಲಿ ಇದಕ್ಕೆ ಸಾಟಿಯಿಲ್ಲದಿದ್ದರೂ, ಹೆಚ್ಚು ಆಳವಾದದ್ದು 1960ರ ‘ದಿ ಮಾನ್‌ಸ್ಟರ್ಸ್ ಆರ್ ಡ್ಯೂ ಆನ್ ಮೇಪಲ್ ಸ್ಟ್ರೀಟ್’. ಬೀದಿಯ ಕರೆಂಟು ಹೋಗುತ್ತದೆ, ಅಷ್ಟೇ. ನೆರೆಹೊರೆಯವರು ಒಬ್ಬರ ಮೇಲೊಬ್ಬರು ಗುಮಾನಿಪಟ್ಟು ಕೊಲೆಗಿಳಿಯುತ್ತಾರೆ. ಗುಡ್ಡದ ಮೇಲೆ ಕೂತ ಅನ್ಯಗ್ರಹದವರಿಗೆ ದೀಪ ಆರಿಸಿ ಹೊತ್ತಿಸುವುದಕ್ಕಿಂತ ಹೆಚ್ಚಿನ ಕೆಲಸವಿಲ್ಲ. 1961ರ ‘ಇಟ್ಸ್ ಎ ಗುಡ್ ಲೈಫ್’ನಲ್ಲಿ ಆರು ವರ್ಷದ ಹುಡುಗನೊಬ್ಬ ಮನಸ್ಸಿನ ಶಕ್ತಿಯಿಂದಲೇ ಊರನ್ನು ಆಳುತ್ತಾನೆ, ಅವನಿಗೆ ಬೇಡವಾದದ್ದನ್ನು ಯೋಚಿಸಿದವರು ಇಲ್ಲವಾಗುತ್ತಾರೆ. ಸರ್ಲಿಂಗ್‌ರ ಕಥೆಗಳಲ್ಲಿ ಸಾಮಾನ್ಯವಾಗಿ ಕೊನೆಗೊಂದು ನ್ಯಾಯ ತೀರ್ಮಾನವಿರುತ್ತದೆ. ಇದರಲ್ಲಿ ಅದೂ ಇಲ್ಲ. ಹುಡುಗ ಹಾಗೇ ಇರುತ್ತಾನೆ, ದೊಡ್ಡವರು ಹಲ್ಲು ಕಿರಿದು ಎಲ್ಲವೂ ಚೆನ್ನಾಗಿದೆ ಎನ್ನುತ್ತಾ ಉಳಿಯುತ್ತಾರೆ.

ಪಾತ್ರಗಳು ಪ್ರತಿ ವಾರ ಮರಳಿ ಬರುವ ಧಾರಾವಾಹಿಗೆ ಈ ಸ್ವಾತಂತ್ರ್ಯವಿರಲಿಲ್ಲ. ನೌಕೆ ಉಳಿಯಬೇಕು, ಕ್ಯಾಪ್ಟನ್ ಉಳಿಯಬೇಕು, ಪ್ರೇಕ್ಷಕ ಯಾವ ಕಂತನ್ನು ಮೊದಲು ನೋಡಿದರೂ ಅರ್ಥವಾಗಬೇಕು. ಈ ಕಟ್ಟಿನೊಳಗೇ ಹುಟ್ಟಿದ ಮೊದಲ ದೊಡ್ಡ ಕರಾಳ ಕಂತು ಎನ್‌ಬಿಸಿಯ ‘ಸ್ಟಾರ್ ಟ್ರೆಕ್’ ಸರಣಿಯದು: 1967ರ ಏಪ್ರಿಲ್ 6ರಂದು ಪ್ರಸಾರವಾದ ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’. ಔಷಧದ ಅಮಲಿನಲ್ಲಿ ಮತಿಗೆಟ್ಟ ಡಾಕ್ಟರ್ ಮೆಕಾಯ್ ಕಾಲದ ಬಾಗಿಲೊಂದನ್ನು ದಾಟಿ ಭೂತಕಾಲಕ್ಕೆ ಹಾರುತ್ತಾನೆ. ಇತಿಹಾಸ ಬದಲಾಗಿ ನೌಕೆಯೇ ಇಲ್ಲವಾಗುತ್ತದೆ. ಅವನ ಬೆನ್ನುಹತ್ತಿ ಕ್ಯಾಪ್ಟನ್ ಕರ್ಕ್ ಮತ್ತು ಸ್ಪಾಕ್ ಆರ್ಥಿಕ ಮುಗ್ಗಟ್ಟಿನ 1930ರ ನ್ಯೂಯಾರ್ಕಿಗೆ ಬಂದಿಳಿಯುತ್ತಾರೆ. ಅಲ್ಲಿ ಹಸಿದವರಿಗೆ ಅನ್ನ ನೀಡುವ ಈಡಿತ್ ಕೀಲರ್‌ಳನ್ನು ಕರ್ಕ್ ಪ್ರೀತಿಸುತ್ತಾನೆ. ಆಕೆ ರಸ್ತೆ ಅಪಘಾತದಲ್ಲಿ ಸಾಯಬೇಕಿತ್ತು ಎಂಬುದು ಸ್ಪಾಕ್‌ಗೆ ತಿಳಿಯುತ್ತದೆ. ಆಕೆ ಬದುಕಿದರೆ ಕಟ್ಟುವ ಶಾಂತಿ ಚಳವಳಿ ಅಮೆರಿಕ ಯುದ್ಧಕ್ಕಿಳಿಯುವುದನ್ನು ತಡಮಾಡಿಸಿ, ಅಣುಬಾಂಬು ಮೊದಲು ಹಿಟ್ಲರನ ಕೈಸೇರುತ್ತದೆ. ಕೊನೆಗೆ ಲಾರಿ ಬರುತ್ತದೆ. ಆಕೆಯನ್ನು ಎಳೆದುಕೊಳ್ಳಲು ಧಾವಿಸಿದ ಮೆಕಾಯ್‌ನನ್ನು ಕರ್ಕ್ ತಬ್ಬಿ ಹಿಡಿದು ನಿಲ್ಲಿಸುತ್ತಾನೆ.

ಮಾರ್ಟಿನ್ ಲೂಥರ್ ಕಿಂಗ್ ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಪ್ರಸಿದ್ಧ ಭಾಷಣ ಮಾಡಿದ ಎರಡೇ ದಿನಗಳ ನಂತರ ಈ ಕಂತು ಪ್ರಸಾರವಾಯಿತು. ಹೊಂದಾಣಿಕೆ ಆಕಸ್ಮಿಕ, ಆದರೆ ಶಾಂತಿವಾದಿ ಹೆಂಗಸು ಲೋಕದ ಒಳಿತಿಗಾಗಿ ಸಾಯಲೇಬೇಕು ಎನ್ನುವ ಕಥೆಯನ್ನು ಆ ವಾರ ನೋಡಿದವರಿಗೆ ಅದು ಬರೀ ಪ್ರೇಮದುರಂತವಾಗಿ ಕಂಡಿರಲಾರದು. ಕಂತಿನ ಹಿಂದಿನ ಜಗಳವೂ ಅಷ್ಟೇ ಹೆಸರಾದದ್ದು. ಹಾರ್ಲನ್ ಎಲಿಸನ್‌ರ ಮೂಲ ಪ್ರತಿಯನ್ನು ಸರಣಿಯ ಜನಕ ಜೀನ್ ರಾಡನ್‌ಬೆರಿ, ಜೀನ್ ಕೂನ್, ಡಿ.ಸಿ. ಫಾಂಟಾನಾ ಸೇರಿ ಹಲವರು ತಿದ್ದಿದರು. ಎಲಿಸನ್ ಇದನ್ನು ಕೊನೆಯವರೆಗೂ ಕ್ಷಮಿಸಲಿಲ್ಲ. ಮೂಲ ಪ್ರತಿಗೆ ಅಮೆರಿಕದ ಬರಹಗಾರರ ಸಂಘದ ಪ್ರಶಸ್ತಿ ಬಂತು; ಪ್ರಸಾರವಾದ ರೂಪಕ್ಕೆ 1968ರ ಹ್ಯೂಗೋ ಪ್ರಶಸ್ತಿ. ಮೂಲದಲ್ಲಿ ನಿರ್ಣಾಯಕ ಗಳಿಗೆಯಲ್ಲಿ ಕರ್ಕ್ ಕೈಲಾಗದೆ ನಿಲ್ಲುತ್ತಾನೆ, ಮಾಡಬೇಕಾದ್ದನ್ನು ಸ್ಪಾಕ್ ಮಾಡುತ್ತಾನೆ. ತಿದ್ದಿದವರು ಆ ಕೆಲಸವನ್ನು ಕರ್ಕ್‌ನ ತೋಳಿಗೇ ವಹಿಸಿದರು. ಎಲಿಸನ್‌ರ ಸಿಟ್ಟು ಏನೇ ಇರಲಿ, ಟಿವಿ ವಿಜ್ಞಾನ ಕಥೆಯ ದಿಕ್ಕು ಬದಲಿಸಿದ್ದು ಈ ತಿದ್ದುಪಡಿಯೇ. ಆದರೂ ಮುಂದಿನ ವಾರ ನೌಕೆ ಬೇರೊಂದು ಸಾಹಸಕ್ಕೆ ಹೊರಟಿತು. ಈಡಿತ್‌ಳ ಹೆಸರು ಆ ಸರಣಿಯಲ್ಲಿ ಮತ್ತೆ ಬರಲೇ ಇಲ್ಲ.

ಎಪ್ಪತ್ತರ ದಶಕದಲ್ಲಿ ಮುಂದಿನ ಹೆಜ್ಜೆ ಇಟ್ಟದ್ದು ಬ್ರಿಟನ್, ಅದರಲ್ಲೂ ಟೆರಿ ನೇಶನ್. 1975ರ ‘ಡಾಕ್ಟರ್ ಹೂ’ ಸರಣಿಯ ‘ಜೆನೆಸಿಸ್ ಆಫ್ ದಿ ಡಾಲೆಕ್ಸ್’ನಲ್ಲಿ ಎರಡು ತಂತಿ ಕೂಡಿಸಿದರೆ ಕೊಲೆಗಡುಕ ಡಾಲೆಕ್ ಕುಲವೇ ಹುಟ್ಟುವ ಮೊದಲು ನಾಶವಾಗುತ್ತದೆ, ಡಾಕ್ಟರ್ ಕೈಯಲ್ಲಿ ತಂತಿ ಹಿಡಿದು ತನಗೆ ಆ ಹಕ್ಕಿದೆಯೇ ಎಂದು ಕೇಳಿಕೊಳ್ಳುತ್ತಾನೆ. ನೇಶನ್ ಹುಟ್ಟುಹಾಕಿದ ‘ಬ್ಲೇಕ್ಸ್ 7’ ಇನ್ನೂ ಮುಂದೆ ಹೋಯಿತು. 1981ರ ಡಿಸೆಂಬರ್ 21ರಂದು, ಕ್ರಿಸ್‌ಮಸ್ಸಿಗೆ ನಾಲ್ಕು ದಿನ ಮೊದಲು, ಕ್ರಿಸ್ ಬೌಚರ್ ಬರೆದ ಕೊನೆಯ ಕಂತಿನಲ್ಲಿ ಬಂಡಾಯದ ಸಂಗಾತಿ ಏವನ್ ತಪ್ಪು ತಿಳಿವಳಿಕೆಯಿಂದ ನಾಯಕ ಬ್ಲೇಕ್‌ನನ್ನೇ ಗುಂಡಿಕ್ಕಿ ಕೊಲ್ಲುತ್ತಾನೆ. ಸಂಗಾತಿಗಳು ಒಬ್ಬೊಬ್ಬರಾಗಿ ಉರುಳುತ್ತಾರೆ. ಸುತ್ತುವರಿದ ಸೈನಿಕರ ನಡುವೆ ಏವನ್ ನಗುತ್ತಾ ಬಂದೂಕೆತ್ತುತ್ತಾನೆ. ಮುಂದಿನದು ಗುಂಡಿನ ಸದ್ದು ಮಾತ್ರ. ಇಂಥದ್ದು ಸಾಧ್ಯವಾದದ್ದು ಕೊನೆಯ ಕಂತಿನಲ್ಲಿ ಎಂಬುದೂ ನಿಜ.

ಅಮೆರಿಕದಲ್ಲಿ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್’ 1987ರಲ್ಲಿ ಶುರುವಾದಾಗ, ಇಪ್ಪತ್ತನಾಲ್ಕನೆಯ ಶತಮಾನದ ಮನುಷ್ಯರು ಪರಸ್ಪರ ಜಗಳವಾಡುವವರಲ್ಲ ಎಂಬ ನಿಯಮವನ್ನು ರಾಡನ್‌ಬೆರಿ ಹಾಕಿಟ್ಟಿದ್ದರು. ಬರಹಗಾರರು ನಿಯಮದ ಸಂದಿಗಳನ್ನು ಹುಡುಕಿದರು. 1990ರ ‘ಯೆಸ್ಟರ್‌ಡೇಸ್ ಎಂಟರ್‌ಪ್ರೈಸ್’ ಯುದ್ಧದಲ್ಲಿ ಸೋಲುತ್ತಿರುವ ಬೇರೊಂದು ಕಾಲಧಾರೆಯನ್ನು ತೋರಿಸಿ ಕೊನೆಗೆ ಅಳಿಸಿಹಾಕಿತು. 1992ರ ‘ಚೇನ್ ಆಫ್ ಕಮಾಂಡ್’ನಲ್ಲಿ ಡೇವಿಡ್ ವಾರ್ನರ್ ಅಭಿನಯಿಸಿದ ಶತ್ರುಪಕ್ಷದ ಕಾರ್ಡೇಸಿಯನ್ ಅಧಿಕಾರಿ ಕ್ಯಾಪ್ಟನ್ ಪಿಕಾರ್ಡ್‌ಗೆ ಚಿತ್ರಹಿಂಸೆ ಕೊಟ್ಟು, ನಾಲ್ಕು ದೀಪಗಳನ್ನು ಐದು ಎಂದು ಒಪ್ಪಿಸಲು ನೋಡುತ್ತಾನೆ. ಪಿಕಾರ್ಡ್ ಬಾಯಲ್ಲಿ ಸೋಲುವುದಿಲ್ಲ. ಆದರೆ ಬಿಡುಗಡೆಯಾದ ಮೇಲೆ, ಕೊನೆಗೆ ತನಗೆ ಐದು ದೀಪ ನಿಜವಾಗಿ ಕಂಡಿತ್ತು ಎಂದು ಒಪ್ಪಿಕೊಳ್ಳುತ್ತಾನೆ. ಆರ್ವೆಲ್‌ರ ನೆರಳು ಇಲ್ಲಿ ಎದ್ದು ಕಾಣುತ್ತದೆ.

ಕಟ್ಟು ನಿಜವಾಗಿ ಸಡಿಲವಾದದ್ದು ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ನಲ್ಲಿ. 1993ರಿಂದ 1999ರವರೆಗೆ ನಡೆದ ಈ ಸರಣಿಯ ನೆಲೆ ಹಾರಿಹೋಗುವ ನೌಕೆಯಲ್ಲ. ಒಂದೇ ಕಡೆ ನಿಂತ ಬಾಹ್ಯಾಕಾಶ ನಿಲ್ದಾಣ. ಹೊರಟುಹೋಗುವ ಹಾಗಿಲ್ಲದ್ದರಿಂದ ಮಾಡಿದ್ದನ್ನು ಅಲ್ಲೇ ಉಣ್ಣಬೇಕು. ಸರಣಿಯನ್ನು ಸ್ಥಳೀಯ ಕೇಂದ್ರಗಳಿಗೆ ಬಿಡಿಯಾಗಿ ಮಾರಲಾಗುತ್ತಿತ್ತು, ಮುಂದುವರಿಯುವ ಕಥೆಯೆಂದರೆ ಸ್ಟುಡಿಯೋದವರಿಗೆ ಅಳುಕು. ಆದರೂ ಐರಾ ಸ್ಟೀವನ್ ಬೇರ್ ಮುಂದಾಳತ್ವದ ಬರಹಗಾರರು ಡೊಮಿನಿಯನ್ ಎಂಬ ಶತ್ರು ಸಾಮ್ರಾಜ್ಯದ ಜೊತೆಗಿನ ಯುದ್ಧವನ್ನು ಋತುವಿನಿಂದ ಋತುವಿಗೆ ಎಳೆದರು. ಆ ಯುದ್ಧದ ನಡುವೆ, 1998ರ ಏಪ್ರಿಲ್ 15ರ ವಾರದಲ್ಲಿ ಬಂದದ್ದು ‘ಇನ್ ದಿ ಪೇಲ್ ಮೂನ್‌ಲೈಟ್’. ಹೆಸರು 1989ರ ‘ಬ್ಯಾಟ್‌ಮನ್’ ಚಿತ್ರದಲ್ಲಿ ಜೋಕರ್ ಆಡುವ ಮಾತಿನಿಂದ ಬಂದದ್ದು. ಚಿತ್ರಕಥೆ ಮೈಕೆಲ್ ಟೇಲರ್ ಹೆಸರಿನಲ್ಲಿದ್ದರೂ ಅದಕ್ಕೆ ಈಗಿನ ರೂಪ ಕೊಟ್ಟವರು ಹೆಸರಿಲ್ಲದೆ ತಿದ್ದಿದ ರೊನಾಲ್ಡ್ ಡಿ. ಮೂರ್.

ನಿಲ್ದಾಣದ ಮುಖ್ಯಸ್ಥ ಕ್ಯಾಪ್ಟನ್ ಸಿಸ್ಕೋ ಕ್ಯಾಮೆರಾದತ್ತ ಮುಖಮಾಡಿ ತನ್ನ ಖಾಸಗಿ ದಿನಚರಿಗೆ ಹೇಳಿಕೊಳ್ಳುವ ತಪ್ಪೊಪ್ಪಿಗೆಯೇ ಇಡೀ ಕಂತು. ಪ್ರತಿ ಶುಕ್ರವಾರ ಸತ್ತವರ ಪಟ್ಟಿ ಗೋಡೆಗೇರುತ್ತಿದೆ. ಡೊಮಿನಿಯನ್ ಜೊತೆ ಒಪ್ಪಂದ ಮಾಡಿಕೊಂಡು ತೆಪ್ಪಗಿರುವ ಮೂರನೆಯ ಶಕ್ತಿ ರೊಮ್ಯುಲನ್ನರು ಯುದ್ಧಕ್ಕಿಳಿಯದಿದ್ದರೆ ಸೋಲು ಖಚಿತ. ಡೊಮಿನಿಯನ್ ಅವರ ಮೇಲೂ ದಾಳಿ ಮಾಡಲಿದೆ ಎಂಬುದಕ್ಕೆ ಸಾಕ್ಷ್ಯ ಬೇಕು, ಸಿಗದಿದ್ದಾಗ ಹುಟ್ಟಿಸಬೇಕು. ಸಿಸ್ಕೋ ಈ ಕೆಲಸಕ್ಕೆ ಹಿಡಿಯುವುದು ನಿಲ್ದಾಣದಲ್ಲಿ ದರ್ಜಿ ಅಂಗಡಿ ಇಟ್ಟುಕೊಂಡಿರುವ ಮಾಜಿ ಗೂಢಚಾರ ಗಾರಕ್‌ನನ್ನು. ಇಲ್ಲಿಂದ ಕಂತು ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಮರಣದಂಡನೆಗೆ ಕಾದಿದ್ದ ನಕಲಿ ದಾಖಲೆಗಾರನೊಬ್ಬ ಬಿಡುಗಡೆಯಾಗುತ್ತಾನೆ. ಅವನು ಕುಡಿದು ಅಲ್ಲಿನ ಮದ್ಯದಂಗಡಿಯ ಮಾಲೀಕ ಕ್ವಾರ್ಕ್‌ಗೆ ಚೂರಿ ಹಾಕಿದಾಗ ಬಾಯಿಮುಚ್ಚಿಸಲು ಲಂಚ ಹೋಗುತ್ತದೆ. ದಾಖಲೆ ಬರೆಯುವ ಕಡ್ಡಿಗಾಗಿ ಅಪಾಯಕಾರಿ ಜೈವಿಕ ಲೋಳೆ ಕೈಬದಲಾಗುತ್ತದೆ. ಅದನ್ನು ಕೊಡಬೇಕಾದ ನಿಲ್ದಾಣದ ಡಾಕ್ಟರ್ ಬಶೀರ್ ಲಿಖಿತ ಆದೇಶ ಕೇಳಿ ಪಡೆಯುತ್ತಾನೆ. ಯಾವ ಮೆಟ್ಟಿಲೂ ತೀರಾ ಎತ್ತರದ್ದಲ್ಲ, ಕಂತಿನ ಜಾಣ್ಮೆ ಇರುವುದೇ ಇದರಲ್ಲಿ. ಮೇಲಧಿಕಾರಿಗಳ ಒಪ್ಪಿಗೆಯೂ ಇದೆ. ಸಾಕ್ಷ್ಯ ನೋಡಲು ಗುಟ್ಟಾಗಿ ಬಂದ ರೊಮ್ಯುಲನ್ ಸೆನೆಟರ್ ವ್ರೀನಾಕ್ ಕಡ್ಡಿಯನ್ನು ಪರೀಕ್ಷಿಸಿ ನಕಲಿಯೆಂದು ಕಂಡುಹಿಡಿದು ಸಿಟ್ಟಿನಿಂದ ಹೊರಡುತ್ತಾನೆ. ದಾರಿಯಲ್ಲಿ ಅವನ ನೌಕೆ ಸ್ಫೋಟಗೊಳ್ಳುತ್ತದೆ. ಬಾಂಬಿಟ್ಟವನು ಗಾರಕ್, ನಕಲಿಗಾರನನ್ನೂ ಅವನೇ ಮುಗಿಸಿದ್ದಾನೆ. ಅವಶೇಷಗಳಲ್ಲಿ ಸಿಗುವ ಕಡ್ಡಿಯ ದೋಷಗಳನ್ನೆಲ್ಲ ರೊಮ್ಯುಲನ್ನರು ಸ್ಫೋಟದ ಲೆಕ್ಕಕ್ಕೆ ಹಾಕುತ್ತಾರೆ ಎಂಬ ಅವನ ಎಣಿಕೆ ನಿಜವಾಗಿ, ಅವರು ಯುದ್ಧಕ್ಕಿಳಿಯುತ್ತಾರೆ.

ಕನ್ನಡದ ಓದುಗರಿಗೆ ಇಲ್ಲಿ ದ್ರೋಣಪರ್ವ ನೆನಪಾಗದಿರದು. ಅಶ್ವತ್ಥಾಮ ಸತ್ತನೆಂಬ ಅರ್ಧಸುಳ್ಳಿಗೆ ಬಾಯಿಕೊಟ್ಟ ಧರ್ಮರಾಯನ ರಥ, ನೆಲಕ್ಕೆ ತಾಗದೆ ಓಡುತ್ತಿದ್ದದ್ದು, ನೆಲಕ್ಕಿಳಿಯಿತು. ಸಿಸ್ಕೋಗೆ ಹಾಗೇನೂ ಆಗುವುದಿಲ್ಲ, ಕಂತಿನ ಕರಾಳತೆ ಇದೇ. ತಾನು ಇದರೊಂದಿಗೆ ಬದುಕಬಲ್ಲೆ ಎಂದು ತನಗೇ ಮತ್ತೆ ಹೇಳಿಕೊಂಡು ದಿನಚರಿಯನ್ನು ಅಳಿಸುತ್ತಾನೆ. ಆದರೆ ರೊಮ್ಯುಲನ್ನರು ಸರಣಿಯ ಕೊನೆಯವರೆಗೂ ಯುದ್ಧದಲ್ಲಿ ಉಳಿಯುತ್ತಾರೆ; ಸುಳ್ಳಿನ ಫಲ ಅಳಿಯುವುದಿಲ್ಲ. ಸಿಸ್ಕೋ ಪಾತ್ರದ ಏವರಿ ಬ್ರೂಕ್ಸ್‌ರ ಅಭಿನಯ ಕೆಲವೆಡೆ ರಂಗಭೂಮಿಯ ಎತ್ತರದ ದನಿಗೆ ಏರುತ್ತದೆ ಎಂಬ ಆಕ್ಷೇಪವಿದೆ. ತನ್ನನ್ನು ತಾನೇ ನಂಬಿಸಿಕೊಳ್ಳಲು ಹೊರಟವನಿಗೆ ಆ ದನಿ ಒಪ್ಪುತ್ತದೆ. ಆಂಡ್ರ್ಯೂ ರಾಬಿನ್ಸನ್‌ರ ಗಾರಕ್ ಮಾತ್ರ ದನಿ ಏರಿಸದೆ, ಎಷ್ಟು ಅಗ್ಗಕ್ಕೆ ನಕ್ಷತ್ರಮಂಡಲದ ಈ ಭಾಗ ಉಳಿಯಿತೆಂದು ವ್ಯಾಪಾರಿಯಂತೆ ಲೆಕ್ಕ ಒಪ್ಪಿಸುತ್ತಾನೆ.

ಫಲ ಅಳಿಯುವುದಿಲ್ಲ ಎಂಬ ಈ ಪಾಠವನ್ನು ಮೂರ್ ತಾವೇ ಹೊಸದಾಗಿ ಕಟ್ಟಿದ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ಕ್ಕೆ ಒಯ್ದರು. ಬ್ರಿಟನ್ನಿನಲ್ಲಿ 2004ರ ಅಕ್ಟೋಬರ್‌ನಲ್ಲಿ ಬಂದ ಅದರ ಮೊದಲ ಕಂತು ‘33’ರಲ್ಲಿ ಮನುಕುಲವನ್ನು ಬಹುತೇಕ ಅಳಿಸಿದ ಸೈಲಾನ್ ಯಂತ್ರಗಳು ಬದುಕುಳಿದವರ ನೌಕೆಗಳ ಮೇಲೆ ಪ್ರತಿ 33 ನಿಮಿಷಕ್ಕೊಮ್ಮೆ ಎರಗುತ್ತವೆ, ದಿನಗಟ್ಟಲೆ ಯಾರಿಗೂ ನಿದ್ದೆಯಿಲ್ಲ, ಕೊನೆಗೆ ಸಾವಿರಕ್ಕೂ ಹೆಚ್ಚು ಪ್ರಯಾಣಿಕರಿದ್ದ ತಮ್ಮದೇ ನೌಕೆಯೊಂದನ್ನು ಶತ್ರುವಿನ ಕೈವಶವಾಗಿದೆಯೆಂಬ ಅನುಮಾನದ ಮೇಲೆ ಹೊಡೆದುರುಳಿಸಬೇಕಾಗುತ್ತದೆ. ಅಧ್ಯಕ್ಷೆಯ ಕೋಣೆಯಲ್ಲಿ ಬದುಕುಳಿದವರ ಸಂಖ್ಯೆ ಬರೆದ ಹಲಗೆಯಿದೆ, ಅದೇ ಸಂಖ್ಯೆ ಕಂತುಗಳ ಆರಂಭದ ಶೀರ್ಷಿಕೆಯಲ್ಲೂ ಬರುತ್ತದೆ. ಹಿಂದೆ ಪ್ರತಿ ವಾರ ಸೊನ್ನೆಯಿಂದ ಶುರುವಾಗುತ್ತಿದ್ದ ಲೆಕ್ಕ ಈಗ ಪ್ರೇಕ್ಷಕನ ಕಣ್ಣೆದುರೇ ಮುಂದುವರಿಯತೊಡಗಿತು. ಡಿವಿಡಿ ಮತ್ತು ಕೇಬಲ್ ವಾಹಿನಿಗಳ ಕಾಲವದು. ಕಂತುಗಳನ್ನು ಕ್ರಮವಾಗಿ ನೋಡುವ ಪ್ರೇಕ್ಷಕ ಸಿಕ್ಕಿದ್ದ. 2006ರ ಋತುವಿನಲ್ಲಿ ಆಕ್ರಮಿತ ಊರಿನ ಮನುಷ್ಯರೇ ಆತ್ಮಾಹುತಿ ದಾಳಿಗಿಳಿದರು. ಇರಾಕ್ ಯುದ್ಧದ ನಡುವೆ ಅಮೆರಿಕದ ವಾಹಿನಿಯೊಂದು ಇದನ್ನು ತೋರಿಸಿದ್ದು ಸಣ್ಣ ಮಾತಲ್ಲ.

2009ರ ಜುಲೈಯಲ್ಲಿ ಬಿಬಿಸಿ ಸತತ ಐದು ರಾತ್ರಿ ಪ್ರಸಾರ ಮಾಡಿದ ‘ಟಾರ್ಚ್‌ವುಡ್: ಚಿಲ್ಡ್ರನ್ ಆಫ್ ಅರ್ತ್’ನಲ್ಲಿ ಅನ್ಯಗ್ರಹದವರು ಭೂಮಿಯ ಮಕ್ಕಳಲ್ಲಿ ನೂರಕ್ಕೆ ಹತ್ತರಷ್ಟನ್ನು ಕೇಳುತ್ತಾರೆ. ಮಂತ್ರಿಗಳು ಮೇಜಿನ ಸುತ್ತ ಕೂತು, ಫಲಿತಾಂಶದಲ್ಲಿ ಹಿಂದುಳಿದ ಶಾಲೆಗಳ ಮಕ್ಕಳನ್ನು ಕೊಟ್ಟರಾಯಿತು ಎಂದು ತೀರ್ಮಾನಿಸುವ ದೃಶ್ಯಕ್ಕಿಂತ ಭಯಾನಕವಾದ ಯಾವ ಪ್ರಾಣಿಯೂ ಅದರಲ್ಲಿಲ್ಲ. ಚಾರ್ಲಿ ಬ್ರೂಕರ್ ಅವರ ‘ಬ್ಲ್ಯಾಕ್ ಮಿರರ್’ 2011ರಲ್ಲಿ ಚಾನೆಲ್ 4ರಲ್ಲಿ ಶುರುವಾಗಿ ಸರ್ಲಿಂಗ್‌ರ ಬಿಡಿಕಥೆಗಳ ರೂಪಕ್ಕೆ ಮರಳಿತು. 2013ರ ‘ವೈಟ್ ಬೇರ್’ನಲ್ಲಿ ನರಳುವ ಹೆಂಗಸನ್ನು ಮೊಬೈಲಿನಲ್ಲಿ ಚಿತ್ರೀಕರಿಸುತ್ತಾ ನಿಂತ ಜನರಿದ್ದಾರೆ, ಪರದೆಯ ಮುಂದೆ ಕೂತವರೂ ಆ ಗುಂಪಿನವರೇ ಎಂದು ಕೊನೆಗೆ ಹೊಳೆಯುತ್ತದೆ.

ಇದರ ನಂತರ ಕತ್ತಲೆ ಅಗ್ಗವಾಯಿತು. 2017ರಲ್ಲಿ ಬಂದ ‘ಸ್ಟಾರ್ ಟ್ರೆಕ್: ಡಿಸ್ಕವರಿ’ ಮೊದಲ ಕಂತಿನಿಂದಲೇ ದಂಗೆ, ಯುದ್ಧಗಳಲ್ಲಿ ಮುಳುಗಿತು, ಇಳಿಯಲು ಮೇಲಿನ ಮೆಟ್ಟಿಲೇ ಇಲ್ಲದ್ದರಿಂದ ಇಳಿತ ಯಾರಿಗೂ ತಟ್ಟಲಿಲ್ಲ. ಸಿಸ್ಕೋನ ಸುಳ್ಳು ತಟ್ಟುವುದು ಅವನ ಹಿಂದೆ ಮೂವತ್ತು ವರ್ಷಗಳ ಆದರ್ಶದ ನಾಯಕರು ಸಾಲಾಗಿ ನಿಂತಿರುವುದರಿಂದ. ಈ ಗುಟ್ಟು ತಿಳಿದಂತಿರುವುದು 2022ರ ‘ಸ್ಟಾರ್ ಟ್ರೆಕ್: ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ತಂಡಕ್ಕೆ. ಹಾಸ್ಯ, ಹಾಡು, ಸಾಹಸಗಳ ನಡುವೆ ಅದು 2023ರಲ್ಲಿ ‘ಅಂಡರ್ ದಿ ಕ್ಲೋಕ್ ಆಫ್ ವಾರ್’ ಕಂತನ್ನು ಇಟ್ಟಿತು. ಅದರಲ್ಲಿ ಸೌಮ್ಯ ಸ್ವಭಾವದ ವೈದ್ಯ ಎಂಬೆಂಗಾನ ಚಿಕಿತ್ಸಾ ಕೋಣೆಯಲ್ಲಿ, ಯುದ್ಧಾಪರಾಧಿಯಾಗಿದ್ದು ಈಗ ಶಾಂತಿದೂತನಾಗಿರುವ ಕ್ಲಿಂಗನ್ ರಾಯಭಾರಿ ಸಾಯುತ್ತಾನೆ. ಕೈ ಕೈ ಮಿಲಾಯಿಸಿದ್ದು ಮಸುಕು ಗಾಜಿನ ಹಿಂದೆ ಕಾಣುತ್ತದೆ, ಮೊದಲು ಚೂರಿ ಎತ್ತಿದವರು ಯಾರೆಂಬುದು ಕಾಣುವುದಿಲ್ಲ. ಮುಂದಿನ ವಾರ ಪ್ರಸಾರವಾದದ್ದು ಸರಣಿಯ ಸಂಗೀತಮಯ ಕಂತು.