ನಡೆಯದೆ ಹೋದ ಚುನಾವಣೆ: ಹೈದರಾಬಾದಿನ ಸಂವಿಧಾನ ಸಭೆ ಮತ್ತು ಐನಾಪುರ ಸೀಮೆ

ಚಿಂಚೋಳಿ ತಾಲ್ಲೂಕಿನ ಐನಾಪುರದಿಂದ ಹಿಡಿದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ವರೆಗಿನ ಸೀಮೆಯಿಂದ ಭಾರತದ ಸಂವಿಧಾನ ಸಭೆಗೆ ಯಾರೂ ಆರಿಸಿ ಹೋಗಲಿಲ್ಲ. 1946ರ ಜುಲೈನಲ್ಲಿ ಪ್ರಾಂತಗಳ ಶಾಸಕರು ಸಂವಿಧಾನ ಸಭೆಗೆ ಸದಸ್ಯರನ್ನು ಆರಿಸಿದಾಗ, ಮುಂಬೈ ಪ್ರಾಂತದಲ್ಲಿದ್ದ ವಿಜಯಪುರ, ಧಾರವಾಡದವರಿಗೆ ಪರೋಕ್ಷವಾಗಿಯಾದರೂ ದನಿ ದಕ್ಕಿತು. ನಿಜಾಮರ ಕೈಕೆಳಗಿದ್ದ ಕಲಬುರಗಿಗೆ ಅದೂ ದಕ್ಕಲಿಲ್ಲ. ಹತ್ತು ಲಕ್ಷ ಜನರಿಗೆ ಒಂದರ ಲೆಕ್ಕದಲ್ಲಿ ಹೈದರಾಬಾದಿಗೆ 16 ಸ್ಥಾನಗಳಿದ್ದವು. ಪ್ರತಿನಿಧಿಗಳನ್ನು ಕಳಿಸುವುದಿಲ್ಲವೆಂದು 1947ರ ಜೂನ್‌ನಲ್ಲಿ ನಿಜಾಮರು ಫರ್ಮಾನು ಹೊರಡಿಸಿದರು. ಹೈದರಾಬಾದನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ನಂತರವೂ ಆ ಸ್ಥಾನಗಳು ಖಾಲಿಯೇ ಉಳಿದವು.

ನಮ್ಮ ಚರಿತ್ರೆಕಾರರು ಬೇಗ ದಾಟಿಹೋಗುವ ದಾಖಲೆಯೆಂದರೆ ನಿಜಾಮರ 1949ರ ನವೆಂಬರ್ 23ರ ಫರ್ಮಾನು. ಭಾರತದ ಸಂವಿಧಾನ ಹೈದರಾಬಾದಿಗೂ ಅನ್ವಯಿಸುವುದೆಂದು ಅದು ಒಪ್ಪಿತು. ಜೊತೆಗೆ, ಮುಂದೆ ರಚನೆಯಾಗಲಿರುವ ರಾಜ್ಯದ ಸಂವಿಧಾನ ಸಭೆಯ ಮೂಲಕ ಜನ ಅದನ್ನು ಅನುಮೋದಿಸಬೇಕೆಂಬ ಷರತ್ತನ್ನೂ ಇಟ್ಟಿತು. ಆ ಸಭೆಗೆ ಚುನಾವಣೆ ನಡೆಯಲೇ ಇಲ್ಲ. ಮೈಸೂರಿನ ಕಥೆ ಬೇರೆ. ಅಲ್ಲಿ ಸಂಸ್ಥಾನದ್ದೇ ಸಂವಿಧಾನ ಸಭೆಯಿತ್ತು; ಅದರ ಶಿಫಾರಸಿನ ಮೇಲೆ ಮಹಾರಾಜರು ನವೆಂಬರ್ 25ರಂದು ಘೋಷಣೆ ಹೊರಡಿಸಿದರು.

ಐನಾಪುರದ ರೈತ, ಕೂಲಿಯಾಳು, ಹೆಣ್ಣುಮಕ್ಕಳು ವಯಸ್ಕ ಮತಾಧಿಕಾರದಡಿ ಮತ ಹಾಕಿದ್ದು ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ. 21 ತುಂಬಿದವರಿಗೆಲ್ಲ ಹಕ್ಕು. ಆಗ ಮತಪತ್ರಕ್ಕೆ ಮುದ್ರೆ ಒತ್ತುವ ಪದ್ಧತಿ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ. ಮತದಾರರು ಮರೆಗೆ ಹೋಗಿ ತಮಗೆ ಬೇಕಾದ ಪೆಟ್ಟಿಗೆಯೊಳಗೆ ಚೀಟಿ ಇಳಿಬಿಡಬೇಕು. ಅಕ್ಷರ ಬಾರದವರಿಗೂ ಅದು ಸಲೀಸು. ಸಂಸ್ಥಾನದ ವಿಮೋಚನಾ ಹೋರಾಟವನ್ನು ಮುನ್ನಡೆಸಿದ ಸ್ವಾಮಿ ರಮಾನಂದ ತೀರ್ಥರು ಕಲಬುರಗಿಯಿಂದ ಲೋಕಸಭೆಗೆ ಆರಿಸಿ ಬಂದರು. 175 ಸ್ಥಾನಗಳ ಹೈದರಾಬಾದ್ ವಿಧಾನಸಭೆಯೂ ಅಸ್ತಿತ್ವಕ್ಕೆ ಬಂತು.

ಈ ಮತದಾನವನ್ನೇ ಸಂವಿಧಾನಕ್ಕೆ ಜನ ಕೊಟ್ಟ ಒಪ್ಪಿಗೆಯೆಂದು ಓದುವುದನ್ನು ನಾನು ಒಪ್ಪಲಾರೆ. ಆ ಚೀಟಿ ಕೇಳಿದ್ದು ಅಭ್ಯರ್ಥಿಯನ್ನು ಮಾತ್ರ. ಒಪ್ಪಿಗೆಯ ಗುರುತನ್ನು ಹುಡುಕಬೇಕಾದದ್ದು ಅದಕ್ಕೂ ಮೊದಲು: 1947ರ ಆಗಸ್ಟ್ 7ರಂದು ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಆರಂಭಿಸಿದ, ಭಾರತ ಒಕ್ಕೂಟ ಸೇರುವ ಚಳವಳಿಯಲ್ಲಿ, ಅದಕ್ಕಾಗಿ ಸೆರೆಮನೆ ಕಂಡವರ, ಊರು ಬಿಟ್ಟು ಗಡಿ ಶಿಬಿರ ಸೇರಿದವರ ಬದುಕಿನಲ್ಲಿ. ಬಂದೂಕಿನ ಎದುರು ನಿಂತು ಹೇಳಿದ ಒಪ್ಪಿಗೆಗೆ ಮತಪತ್ರಕ್ಕಿಂತ ಕಡಿಮೆ ಬೆಲೆ ಕಟ್ಟುವುದು ಅನ್ಯಾಯ.

ಚಿಂಚೋಳಿ, ಸೇಡಂ, ಚಿತ್ತಾಪುರದ ಕಚೇರಿಗಳಲ್ಲಿ, ಹಳೆಯ ಮನೆತನಗಳ ಪೆಟ್ಟಿಗೆಗಳಲ್ಲಿ ಆ ಕಾಲದ ಮತದಾರರ ಪಟ್ಟಿ, ಉರ್ದು ಸುತ್ತೋಲೆ, ಸೆರೆಮನೆಯ ಪತ್ರಗಳು ಉಳಿದಿದ್ದರೆ ಅವನ್ನು ರದ್ದಿಗೆ ಹಾಕಬೇಡಿ. ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ಪತ್ರಾಗಾರಕ್ಕೋ ಒಪ್ಪಿಸಿ.