ಮೇಷ್ಟರ ಪೆನ್ಷನ್ನು ಮತ್ತು ಒಂದು ತಾರೀಖು

ಶಿವಮೊಗ್ಗೆಯಿಂದ ಸಾಗರದ ದಾರಿ ಹಿಡಿದು ಹೊರಟರೆ ಆಯನೂರು ದಾಟಿದ ಮೇಲೆ ಸಿಗುವ ಊರು ಕುಂಸಿ. ಒಂದು ಕಾಲಕ್ಕೆ ಮ್ಯಾಂಗನೀಸ್ ಅದಿರಿನಿಂದ ಹೆಸರು ಪಡೆದಿತ್ತು; ತಾಳಗುಪ್ಪದ ರೈಲು ಹಾದಿಯಲ್ಲಿ ಅದಕ್ಕೊಂದು ನಿಲ್ದಾಣವೂ ಉಂಟು. ಇಂಥ ಹೋಬಳಿಯ ಊರಿಗೆ, ಅದರಾಚೆಯ ಕಾಡಂಚಿನ ಹಳ್ಳಿಗಳಿಗೆ, ಓದಿದವನೊಬ್ಬ ಮೇಷ್ಟ್ರಾಗಿ ಬಂದು ಮೂವತ್ತು ವರ್ಷ ಮಕ್ಕಳಿಗೆ ಮಗ್ಗಿ ಹೇಳಿಕೊಡಲು ಕಾರಣವೇನು? ವಿದ್ಯಾದಾನದ ಹಂಬಲ ಎಂದು ನಾವು ಹೊಗಳುತ್ತೇವೆ. ಅದು ಸುಳ್ಳಲ್ಲ. ಆದರೆ ಆತನಿಗೆ ಹೆಣ್ಣು ಕೊಟ್ಟ ಮಾವನು ಕೇಳಿದ್ದು ಬೇರೆ ಮಾತು: “ಕೆಲಸ ಸರ್ಕಾರದ್ದು ತಾನೆ? ಪೆನ್ಷನ್ನು ಬರುತ್ತದಲ್ಲ?”

ಆ ಪ್ರಶ್ನೆಯಲ್ಲಿ ಒಂದು ಒಪ್ಪಂದ ಅಡಗಿತ್ತು. ಇಂದು ಸಂಬಳ ಕಡಮೆಯಾದರೂ ಚಿಂತೆಯಿಲ್ಲ, ನಾಳೆ ಮುಪ್ಪಿನಲ್ಲಿ ಕೈಬಿಡುವುದಿಲ್ಲ ಎಂಬುದೇ ಆ ಒಪ್ಪಂದ. ಪೆನ್ಷನ್ ಎಂಬುದು ಒಡೆಯನ ಕೃಪೆಯೆಂದು ಬಹುಕಾಲ ನಂಬಿದ್ದರು. ಈ ನಂಬಿಕೆಯನ್ನು ಸುಪ್ರೀಂ ಕೋರ್ಟು ಎರಡು ಸಲ ತಳ್ಳಿಹಾಕಿತು. 1971ರಲ್ಲಿ ಬಿಹಾರದ ಶಿಕ್ಷಣ ಇಲಾಖೆಯ ನೌಕರರಾಗಿದ್ದ ದೇವಕಿನಂದನ ಪ್ರಸಾದರ ಮೊಕದ್ದಮೆಯಲ್ಲಿ, ಪೆನ್ಷನ್ ಸರ್ಕಾರದ ಮರ್ಜಿಯಲ್ಲ, ನೌಕರನ ಹಕ್ಕು ಎಂದಿತು. 1982ರ ಡಿಸೆಂಬರ್ 17ರಂದು ನಕಾರಾ ಅವರ ಮೊಕದ್ದಮೆಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 1979ರ ಮಾರ್ಚ್ 31 ಎಂಬ ತಾರೀಖನ್ನು ಗೆರೆಯಾಗಿ ಎಳೆದು, ಆಚೆಯವರಿಗೊಂದು ಲೆಕ್ಕ, ಈಚೆಯವರಿಗೊಂದು ಲೆಕ್ಕ ಮಾಡಿದ್ದು ನ್ಯಾಯವಲ್ಲವೆಂದು ತೀರ್ಪಾಯಿತು.

ನಮ್ಮ ನಾಡಿನ ಅನುದಾನಿತ ಶಾಲೆಗಳ ಉಪಾಧ್ಯಾಯರಿಗಂತೂ ಈ ಹಕ್ಕು ತಡವಾಗಿ ಬಂತು. 1960ರ ದಶಕದಲ್ಲಿ ಮೈಸೂರು ಸರ್ಕಾರವು ಭವಿಷ್ಯನಿಧಿ, ವಿಮೆ, ಪೆನ್ಷನ್ ಮೂರನ್ನೂ ಕೂಡಿಸಿದ ‘ತ್ರಿವಿಧ ಸೌಲಭ್ಯ’ವನ್ನು ಅವರಿಗೆ ತಂದಿತು. ಅಲ್ಲಿಂದ ನಾಲ್ಕು ದಶಕ ಮೇಷ್ಟರ ಮನೆಗಳಲ್ಲಿ ಮುಪ್ಪಿನ ಭಯ ಕೊಂಚ ತಗ್ಗಿತು.

ಆಮೇಲೆ ಮತ್ತೊಂದು ತಾರೀಖು ಬಂತು. ಕೇಂದ್ರ ಸರ್ಕಾರವು 2004ರ ಜನವರಿ 1ರಿಂದ ಹೊಸದಾಗಿ ಸೇರುವವರಿಗೆ ಹಳೆಯ ಪೆನ್ಷನ್ ನಿಲ್ಲಿಸಿತು. ಕರ್ನಾಟಕವು 2006ರ ಏಪ್ರಿಲ್ 1ರಿಂದ ಅದೇ ದಾರಿ ಹಿಡಿಯಿತು. ಹಳೆಯ ಕ್ರಮದಲ್ಲಿ ಪೂರ್ಣ ಸೇವೆ ಸಲ್ಲಿಸಿದವನಿಗೆ ಕೊನೆಯ ವೇತನದ ಅರ್ಧ, ಅದರ ಮೇಲೆ ತುಟ್ಟಿಭತ್ಯೆ. ಹೊಸ ಕ್ರಮದಲ್ಲಿ ನೌಕರನು ವೇತನ ಮತ್ತು ತುಟ್ಟಿಭತ್ಯೆಯ ನೂರಕ್ಕೆ 10ರಷ್ಟು ಕಟ್ಟಬೇಕು. ಸರ್ಕಾರವೂ ತನ್ನ ಪಾಲು ಹಾಕುತ್ತದೆ, ಅದು ಮೊದಲು 10, ತರುವಾಯ 14. ಈ ಹಣ ಪೇಟೆಯಲ್ಲಿ ತೊಡಗುತ್ತದೆ. ನಿವೃತ್ತಿಯ ದಿನ ಕೂಡಿದ ಗಂಟಿನಲ್ಲಿ ನೂರಕ್ಕೆ 40ರಷ್ಟನ್ನಾದರೂ ಮಾಸಾಶನಕ್ಕೆ ತೊಡಗಿಸಬೇಕು. ಆ ಮಾಸಾಶನ ಎಷ್ಟೆಂದು ಇಂದು ಯಾರೂ ಹೇಳಲಾರರು.

ಪರಿಣಾಮವನ್ನು ಕಾಣಬೇಕಾದರೆ ಉಪಾಧ್ಯಾಯರ ಕೊಠಡಿಯೊಳಗೆ ಇಣುಕಬೇಕು. ಒಂದೇ ಮೇಜು, ಒಂದೇ ಹಾಜರಿ ಪುಸ್ತಕ, ಒಂದೇ ಪಾಠ. ಆದರೆ ಮುಪ್ಪು ಮಾತ್ರ ಎರಡು ಬಗೆ. ಹಿರಿಯನು ನಿವೃತ್ತಿಯ ದಿನ ಎಣಿಸುತ್ತಾನೆ, ಕಿರಿಯನು ಅದಕ್ಕೆ ಹೆದರುತ್ತಾನೆ.

ಈ ಹೆದರಿಕೆಯೇ 2022ರ ಡಿಸೆಂಬರ್ 19ರಿಂದ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿಯಾಗಿ ಕೂತಿತು. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರ ಸಂಘವು ಅನಿರ್ದಿಷ್ಟ ಮುಷ್ಕರ ಹೂಡಿತು. ಅದರ ಅಧ್ಯಕ್ಷರಾದ ಸಿ.ಎಸ್. ಷಡಾಕ್ಷರಿಯವರು ಶಿವಮೊಗ್ಗ ಜಿಲ್ಲೆಯ ಸಂಘಟನೆಯಿಂದಲೇ ಬೆಳೆದವರು. ವೇತನ ಪರಿಷ್ಕರಣೆ ಒಂದು ಬೇಡಿಕೆ, ಹಳೆಯ ಪೆನ್ಷನ್ ಇನ್ನೊಂದು. ವಿಧಾನಸಭೆಯ ಚುನಾವಣೆ ಎರಡು ತಿಂಗಳ ದೂರದಲ್ಲಿತ್ತು. ಬೊಮ್ಮಾಯಿಯವರ ಸರ್ಕಾರವು ಮೂಲವೇತನಕ್ಕೆ ನೂರಕ್ಕೆ 17ರಷ್ಟು ಮಧ್ಯಂತರ ಪರಿಹಾರ ಘೋಷಿಸಿತು. ಪೆನ್ಷನ್ನಿಗೆ ಸಮಿತಿ ನೇಮಿಸಿತು. ಅದೇ ದಿನ ಮುಷ್ಕರ ಹಿಂತೆಗೆಯಿತು. ವೇತನಕ್ಕೆ ಹಣ ಸಿಕ್ಕಿತು, ಪೆನ್ಷನ್ನಿಗೆ ಸಮಿತಿ ಸಿಕ್ಕಿತು!

ಪಿಯುಸಿ ಪರೀಕ್ಷೆಗೆ ಆಗ ಎಂಟು ದಿನ, ಎಸ್.ಎಸ್.ಎಲ್.ಸಿ.ಗೆ ಒಂದು ತಿಂಗಳು ಉಳಿದಿತ್ತು. ಮುಷ್ಕರ ಮುಂದುವರಿದಿದ್ದರೆ ಪೇಟೆಯ ಹುಡುಗ ಟ್ಯೂಷನ್ನಿಗೆ ಹೋಗುತ್ತಿದ್ದನು; ಕುಂಸಿಯ ಕಡೆಯ ಹಳ್ಳಿಯ ಹುಡುಗಿಗೆ ಮೇಷ್ಟ್ರು ಬಿಟ್ಟರೆ ಬೇರೆ ಗತಿಯಿಲ್ಲ, ಮಧ್ಯಾಹ್ನದ ಬಿಸಿಯೂಟವೂ ಶಾಲೆಯಲ್ಲೇ. ಉಪಾಧ್ಯಾಯರ ಮುಷ್ಕರದ ಸಂಕಟ ಇದೇ. ಕಾರ್ಖಾನೆ ನಿಂತರೆ ನಷ್ಟ ಧಣಿಗೆ ತಟ್ಟುತ್ತದೆ. ಶಾಲೆ ನಿಂತರೆ ಬಡವರ ಮಗುವಿಗೆ. ಅದೇ ಮಾರ್ಚಿಯಲ್ಲಿ ಮಹಾರಾಷ್ಟ್ರದ ನೌಕರರು, ಉಪಾಧ್ಯಾಯರು ಹಳೆಯ ಪೆನ್ಷನ್ನಿಗಾಗಿ ಒಂದು ವಾರ ಮುಷ್ಕರ ನಡೆಸಿದರು.

2024ರ ಜನವರಿಯಲ್ಲಿ ಗೆರೆ ಕೊಂಚ ಸರಿಯಿತು. 2006ರ ಏಪ್ರಿಲ್‌ಗೆ ಮೊದಲೇ ನೇಮಕಾತಿಯ ಪ್ರಕಟಣೆಯಾಗಿ, ಆಮೇಲೆ ಕೆಲಸಕ್ಕೆ ಸೇರಿದ ಸುಮಾರು 13,000 ನೌಕರರಿಗೆ ಸಿದ್ದರಾಮಯ್ಯನವರ ಸರ್ಕಾರ ಹಳೆಯ ಪೆನ್ಷನ್ ಒಪ್ಪಿಕೊಂಡಿತು. ಆದರೆ ಗೆರೆ ಅಳಿಯಲಿಲ್ಲ.

ಖಜಾನೆಯ ಮಾತನ್ನೂ ಕೇಳಬೇಕು. ಹಳೆಯ ಪೆನ್ಷನ್ನಿಗೆ ಕೂಡಿಟ್ಟ ನಿಧಿಯಿಲ್ಲ; ಆಯಾ ವರ್ಷದ ತೆರಿಗೆಯಿಂದಲೇ ಕೊಡಬೇಕು. ಜನರ ಆಯುಸ್ಸು ಬೆಳೆದಂತೆ ಹೊರೆಯೂ ಬೆಳೆಯುತ್ತದೆ. ಷರತ್ತು ತಿಳಿದೇ ಸೇರಿದಿರಲ್ಲ ಎಂದು ಸರ್ಕಾರ ಹೇಳಬಹುದು. ನಕಾರಾ ತೀರ್ಪು ಹೊಸದಾಗಿ ಸೇರುವವರ ಮಾತನ್ನಾಡಿದ್ದೂ ಅಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಒಪ್ಪಂದದಲ್ಲಿ ಮೇಷ್ಟರ ಪಾಲಿನ ಕೆಲಸ ಕಡಮೆಯಾಯಿತೆ? ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಎಲ್ಲವೂ ಇಬ್ಬರ ಹೆಗಲಿಗೂ ಒಂದೇ.

ಮುಷ್ಕರ ಮುಗಿದರೆ ಶಾಲೆಯ ಬಾಗಿಲು ತೆರೆಯುತ್ತದೆ, ತಪ್ಪಿದ ಪಾಠವನ್ನು ಭಾನುವಾರ ಮಾಡಿ ಮುಗಿಸಬಹುದು. ಕುಂಸಿಯಾಚೆಯ ಹಳ್ಳಿಗೆ ಹೋಗಲು ಮುಂದಿನ ತಲೆಮಾರಿನ ಮೇಷ್ಟ್ರು ಹಿಂದೇಟು ಹಾಕಿದರೆ, ಆ ಪಾಠವನ್ನು ಯಾವ ಭಾನುವಾರ ಮುಗಿಸುವುದು?