ಸೆರೆಮನೆಯ ಮಗ್ಗುಲಿನ ಆಟದ ಬಯಲು

ಕೆರಿಬಿಯನ್ ಸಮುದ್ರದ ಪೂರ್ವದಂಚಿನಲ್ಲಿ ಆಂಟಿಗುವಾ ಎಂಬುದೊಂದು ಕಿರುದ್ವೀಪವಿದೆ. ವಿಸ್ತೀರ್ಣ ಸುಮಾರು ೨೮೦ ಚದರ ಕಿಲೋಮೀಟರು; ನಮ್ಮ ಕಾಸರಗೋಡು ಜಿಲ್ಲೆಯೊಳಗೆ ಅಂಥ ಏಳನ್ನು ಹೊಂದಿಸಬಹುದು. ೧೬೩೨ರಲ್ಲಿ ಆಂಗ್ಲರು ಅಲ್ಲಿ ನೆಲಸಿದರು; ಕಬ್ಬಿನ ತೋಟಗಳಿಗೆಂದು ಆಫ್ರಿಕದ ಜನರನ್ನು ಹಡಗುಗಳಲ್ಲಿ ಹೇರಿ ತಂದರು. ೧೮೩೪ರಲ್ಲಿ ಗುಲಾಮತನ ತೊಲಗಿತು. ಒಡೆಯರ ಆಟವಾದ ಕ್ರಿಕೆಟ್ಟು ಮಾತ್ರ ಉಳಿಯಿತು, ಆಳುಗಳ ಮಕ್ಕಳ ಕೈಯಲ್ಲಿ ಬೇರೆಯೇ ಆಗಿ ಬೆಳೆಯಿತು.

ರಾಜಧಾನಿ ಸೇಂಟ್ ಜಾನ್ಸ್ ಪಟ್ಟಣದಲ್ಲಿ ಆಂಟಿಗುವಾ ರಿಕ್ರಿಯೇಷನ್ ಗ್ರೌಂಡ್ ಎಂಬ ಬಯಲಿದೆ. ಅಲ್ಲಿಂದ ನೋಡಿದರೆ ಇಗರ್ಜಿಯ ಅವಳಿ ಗೋಪುರಗಳು ಕಾಣುತ್ತವೆ, ಹತ್ತಿರದಲ್ಲೇ ಸೆರೆಮನೆ. ಆ ಸೆರೆಮನೆಯ ಕೈದಿಗಳೇ ಬಹುಕಾಲ ಪಿಚ್ಚನ್ನು ಉರುಳೆ ಎಳೆದು ಅಣಿಗೊಳಿಸುತ್ತಿದ್ದರಂತೆ. ಜಗತ್ತಿನ ಮಹಾದಾಖಲೆಗಳು ಮೂಡಿದ ನೆಲವನ್ನು ಹದಮಾಡಿದವರ ಹೆಸರು ಯಾವ ದಾಖಲೆಯಲ್ಲಿಯೂ ಇಲ್ಲವೆಂಬುದನ್ನು ನಾವು ಮರೆಯಲಾರೆವು. ವಿವಿಯನ್ ರಿಚರ್ಡ್ಸರ ತಂದೆ ಸೆರೆಮನೆಯ ನೌಕರರಾಗಿದ್ದವರು.

ಮೊದಲ ಟೆಸ್ಟ್ ಪಂದ್ಯ ನಡೆದುದು ೧೯೮೧ರ ಮಾರ್ಚಿಯಲ್ಲಿ, ಇಂಗ್ಲೆಂಡಿನೆದುರು. ದ್ವೀಪಕ್ಕೆ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ಅದು ಬಂದುದು ಅದೇ ವರ್ಷದ ನವೆಂಬರ್ ೧ರಂದು. ಅದಕ್ಕೆ ಮೊದಲೇ ರಿಚರ್ಡ್ಸರು ತಮ್ಮೂರ ಜನರೆದುರು ೧೧೪ ಓಟ ಹೊಡೆದಿದ್ದರು. ಮದುವೆಯಾಗಿ ಆಗ ಕೆಲವೇ ದಿನ! ೧೯೮೬ರಲ್ಲಿ ಅಲ್ಲಿಯೇ ಅವರು ೫೬ ಚೆಂಡುಗಳಲ್ಲಿ ನೂರು ಮುಗಿಸಿದರು. ಬ್ರಯನ್ ಲಾರಾ ೧೯೯೪ರಲ್ಲಿ ೩೭೫, ೨೦೦೪ರಲ್ಲಿ ಔಟಾಗದೆ ೪೦೦ ಓಟ ಗಳಿಸಿದುದೂ ಇದೇ ಬಯಲಿನಲ್ಲಿ. ಮೂರೂ ಸಲ ಎದುರಾಳಿ ಇಂಗ್ಲೆಂಡೇ.

ಆದರೆ ನಾವು ತರಗತಿಯಲ್ಲಿ ಹೇಳುವುದು ಇನ್ನೊಂದು ಲೆಕ್ಕ: ೧೪ ಓವರು, ೨೯ ಓಟ, ಒಂದು ವಿಕೆಟ್ಟು. ೨೦೦೨ರ ಮೇ ತಿಂಗಳು. ದಾಂಡು ಹಿಡಿದು ನಿಂತಿದ್ದ ಅನಿಲ್ ಕುಂಬಳೆಯವರಿಗೆ ಮರ್ವಿನ್ ಡಿಲ್ಲನ್ನರ ಚೆಂಡು ಬಡಿದು ದವಡೆ ಮುರಿಯಿತು. ಅವರಿನ್ನು ಆಡಲಾರರೆಂದೇ ಎಲ್ಲರೂ ಬಗೆದರು. ಗಲ್ಲದಿಂದ ನೆತ್ತಿಯವರೆಗೆ ಬಟ್ಟೆ ಬಿಗಿದುಕೊಂಡು ಅವರು ಮೈದಾನಕ್ಕಿಳಿದು ಲಾರಾರನ್ನೇ ಎಲ್ಬಿಡಬ್ಲ್ಯು ಆಗಿಸಿದರು. ಬಳಿಕ ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೆ ಮರಳಿದರು. ಪಂದ್ಯ ಗೆಲ್ಲಲಿಲ್ಲ, ವೆಸ್ಟ್ ಇಂಡೀಸ್ ೬೨೯ ಓಟ ಹೊಡೆಯಿತು, ಭಾರತದ ಹನ್ನೊಂದು ಮಂದಿಯೂ ಬೌಲ್ ಮಾಡಿದರು, ಆಟ ಸಮವಾಯಿತು. ಆದರೂ ಅವರ ಮನೆತನದ ಹೆಸರು ನಮ್ಮ ಕುಂಬಳೆಯದು. ಆಂಗ್ಲ ವೀಕ್ಷಕವಿವರಣೆಗಾರರ ಬಾಯಲ್ಲಿ ಅದರ ಳಕಾರ ಲಕಾರವಾಗಿ ಹೋಗುತ್ತದೆ. ಗಡಿಯಾಚೆ ಉಳಿದ ಕನ್ನಡಿಗರಾದ ನಮಗೆ ಹೆಸರಿನ ಅಕ್ಷರ ಕೆಡುವುದು ಹೊಸತಲ್ಲ. ಮಕ್ಕಳಿಂದ ಮಾತ್ರ ನಾವು ಅದನ್ನು ಸರಿಯಾಗಿಯೇ ಹೇಳಿಸುತ್ತೇವೆ.

೨೦೦೭ರ ವಿಶ್ವಕಪ್ಪಿಗೆಂದು ಚೀನದ ನೆರವಿನಿಂದ ಊರ ಹೊರಗೆ ರಿಚರ್ಡ್ಸರ ಹೆಸರಿನ ಹೊಸ ಕ್ರೀಡಾಂಗಣವೆದ್ದಿತು. ಹಳೆಯ ಬಯಲು ಬರಿದಾಯಿತು. ೨೦೦೯ರ ಫೆಬ್ರವರಿ ೧೩ರಂದು ಹೊಸ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನೊಡನೆ ಟೆಸ್ಟ್ ಆರಂಭವಾಯಿತು. ನೆಲದ ಮರಳಿನಲ್ಲಿ ಬೌಲರುಗಳ ಕಾಲು ಹೂತುಹೋಗುತ್ತಿದ್ದುದರಿಂದ ಹತ್ತೇ ಚೆಂಡುಗಳಿಗೆ ಆಟ ನಿಂತಿತು. ಎರಡು ದಿನಗಳಲ್ಲಿ ಹಳೆಯ ಬಯಲನ್ನು ಅಣಿಗೊಳಿಸಿ ಅಲ್ಲಿಯೇ ಪಂದ್ಯ ನಡೆಸಬೇಕಾಯಿತು. ಐದನೆಯ ದಿನದ ಸಂಜೆ ವೆಸ್ಟ್ ಇಂಡೀಸಿನ ಕೊನೆಯ ಜೋಡಿ ಹತ್ತು ಓವರು ತಡೆದು ನಿಂತು ಸೋಲು ತಪ್ಪಿಸಿತು. ಆಮೇಲೆ ಆ ಬಯಲಿನಲ್ಲಿ ಟೆಸ್ಟ್ ಪಂದ್ಯ ನಡೆದಿಲ್ಲ.